ಏಳು ಮನೆ ತಿರುಗಿದ ಬೆಕ್

ಪ್ರಶ್ನೆ: ಸರ್, ನಾನು ಚಿಂತಾಮಣಿಯವನು. ಗಿಟಾರ್ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ನಮ್ಮಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ವಿಷಯಕ್ಕೆ ದಿನಾ ಜಗಳ. ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಓದಿದವರು. 'ಬ್ಲೋ ಬೈ ಬ್ಲೋ', 'ವೈರ್ಡ್' ಆಲ್ಬಂ ಎರಡು ಬಿಟ್ಟರೆ ಉಳಿದಿದ್ದೆಲ್ಲ ಸುಮ್ನೆ ಅಂತಾರೆ. ನನ್ನ ಗೆಳೆಯ ಅರವತ್ತರ ದಶಕದ ಯಾರ್ಡ್‌ಬರ್ಡ್ಸ್ ತಂಡದ ಕಾಲದ ಬೆಕ್ಕೇ ನಿಜವಾದ ಬೆಕ್ ಅಂತಾನೆ. ನನಗೆ ಇಷ್ಟ ಆಗೋದು ವಯಸ್ಸಾದ ಮೇಲೆ ನುಡಿಸಿದ್ದು, ಅದರಲ್ಲೂ 2007ರ, ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನ ವಿಡಿಯೊ. ಯಾರು ಸರಿ? ಇನ್ನೊಂದು ಮಾತು, ಟ್ರೆಮೊಲೊ, ಅಂದ್ರೆ ಶ್ರುತಿ ಏರಿಳಿಸೋ ಕಡ್ಡಿ ಇರೋ ಗಿಟಾರ್ ತಗೊಳ್ಳಲಾ?

ಉತ್ತರ: ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ನಿಮಗೇ. ಆದರೆ ಇದನ್ನು ಚಿಕ್ಕಪ್ಪನ ಮುಂದೆ ಹಿಡಿಯುವ ಮೊದಲು ಕೊನೆವರೆಗೂ ಓದಿ. ಅವರ ಕೈಯಲ್ಲೂ ಒಳ್ಳೆ ಎಲೆಗಳಿವೆ. ನಿಮ್ಮ ಗೆಳೆಯನ ಹತ್ತಿರವೂ ಒಂದು ತುರುಪು ಇದೆ.

ಕೋಲಾರದ ನನ್ನ ಕ್ಲಾಸಿನಲ್ಲಿ ಹುಡುಗರು ಜೆಫ್ ಬೆಕ್‌ನನ್ನು 'ಬೆಕ್ಕು' ಅಂತಲೇ ಕರೆಯೋದು. ತಮಾಷೆಗೆ ಶುರುವಾದ ಹೆಸರು, ಆದರೆ ಎಷ್ಟು ಸರಿಯಾಗಿ ಕೂತಿದೆ ನೋಡಿ. ಬೆಕ್ಕು ಮರಿ ಕಚ್ಚಿಕೊಂಡು ಏಳು ಮನೆ ತಿರುಗುತ್ತೆ ಅಂತಾರಲ್ಲ, ಇವನದ್ದೂ ಅದೇ ಕಥೆ. ಬ್ಲೂಸ್, ಹಾರ್ಡ್ ರಾಕ್, ಫಂಕ್, ಜಾಝ್ ಫ್ಯೂಷನ್, ರಾಕಬಿಲ್ಲಿ, ಟೆಕ್ನೊ, ಕೊನೆಗೆ ದೊಡ್ಡ ಆರ್ಕೆಸ್ಟ್ರಾ. ಎಲ್ಲೂ ಬೇರು ಬಿಡಲಿಲ್ಲ. ಹಾಗಾಗಿ ಇವನ ಅಭಿಮಾನಿಗಳಲ್ಲಿ ಜಗಳ ತಪ್ಪಿದ್ದಲ್ಲ. ಒಬ್ಬೊಬ್ಬರೂ ತಾವು ಮೊದಲು ಬೆಕ್ಕನ್ನು ಕಂಡ ಮನೆಯೇ ಅದರ ಸ್ವಂತ ಮನೆ ಅಂತ ಹಟ ಹಿಡಿಯುತ್ತಾರೆ. (ಏಕವಚನಕ್ಕೆ ಬೇಜಾರು ಮಾಡ್ಕೋಬೇಡಿ. ದೇವರಿಗೂ ಬೆಕ್‌ಗೂ ನಾವು ಬಹುವಚನ ಹಾಕುವವರಲ್ಲ.)

ನಾನು ಮನೆ ಎಣಿಸಲ್ಲ, ಮರಿಯನ್ನು ನೋಡುತ್ತೇನೆ. ನನ್ನ ಪ್ರಕಾರ ಅದು ಒಂದೇ ಮರಿ. ಗಿಟಾರನ್ನು ಗಂಟಲಿನ ಹಾಗೆ ಹಾಡಿಸಬೇಕು ಅನ್ನೋ ಹುಚ್ಚು. 1965ರಲ್ಲಿ ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. 2001ರ ಹೊತ್ತಿಗೆ ಬಲಿತಿತ್ತು.

ಮೊದಲು ನಿಮ್ಮ ಗೆಳೆಯನ ತುರುಪು. 1965ರ ಮಾರ್ಚ್‌ನಲ್ಲಿ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಯಾರ್ಡ್‌ಬರ್ಡ್ಸ್ ಬಿಟ್ಟ. ಜಾಗ ಮೊದಲು ಜಿಮ್ಮಿ ಪೇಜ್‌ನನ್ನು ಕೇಳಿಕೊಂಡು ಹೋಯಿತು. ಅವನು ತನ್ನ ಗೆಳೆಯ ಬೆಕ್ ಹೆಸರು ಹೇಳಿದ. ಆಗ ಬೆಕ್‌ಗೆ ಇನ್ನೂ 21 ತುಂಬಿರಲಿಲ್ಲ. ಬಂದ ಕೆಲವೇ ತಿಂಗಳಲ್ಲಿ 'ಹಾರ್ಟ್ ಫುಲ್ ಆಫ್ ಸೋಲ್' ರೆಕಾರ್ಡಿಂಗ್. ಆ ಹಾಡಿನ ಮುಖ್ಯ ಸಾಲಿಗೆ ಸ್ಟುಡಿಯೊಗೆ ಸಿತಾರ್ ನುಡಿಸುವವರನ್ನೇ ಕರೆಸಿದ್ದರು. ನುಡಿಸಿದ್ದೂ ಆಯ್ತು. ಆದರೆ ಡ್ರಮ್ಸ್, ಬಾಸ್ ಜೊತೆ ಅದು ಕೂಡಿಕೊಳ್ಳಲಿಲ್ಲ. ಬೆಕ್ ದನಿಯನ್ನು ಒರಟು ಮಾಡುವ ಫಝ್ ಪೆಡಲ್ ಒತ್ತಿ, ತಂತಿ ಎಳೆದು, ಅದೇ ಸಾಲನ್ನು ಗಿಟಾರಿನಲ್ಲಿ ನುಡಿಸಿಬಿಟ್ಟ. ಹೊರಗೆ ಬಂದಿದ್ದು ಅದೇ, ಜೂನ್‌ನಲ್ಲಿ. ಬೀಟಲ್ಸ್‌ನವರ ಸಿತಾರ್ ಹಾಡು ಬಂದಿದ್ದು ಡಿಸೆಂಬರ್‌ನಲ್ಲಿ. ಈ ಆರು ತಿಂಗಳ ಲೆಕ್ಕ ಒಂದೇ ಸಾಕು, ನಿಮ್ಮ ಗೆಳೆಯನನ್ನು ಸುಲಭಕ್ಕೆ ಬಾಯಿ ಮುಚ್ಚಿಸೋಕಾಗಲ್ಲ.

ಆದರೆ ಈಗ ಆ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಸಿತಾರಿನ ಝೇಂಕಾರ ಬಂದಿದೆ. ಸಿತಾರಿನ ಮೀಂಡ್ ಬಂದಿಲ್ಲ. ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಇಲ್ಲ, ಮೆಟ್ಟಿಲು ಇದೆ. ಹುಡುಗ ಬಣ್ಣ ಕದ್ದಿದ್ದಾನೆ, ನಡಿಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಆ ಕಾಲಕ್ಕೆ ನನ್ನ ಓಟಿಲ್ಲ.

ಅದಾದ ಮೇಲಿನದ್ದು ಬೇಗ ದಾಟಿಬಿಡೋಣ. ರಾಡ್ ಸ್ಟೂವರ್ಟ್ ಹಾಡಿದ, ರಾನ್ ವುಡ್ ಬಾಸ್ ಹಿಡಿದ 'ಟ್ರೂತ್' 1968ರದ್ದು. ಲೆಡ್ ಝೆಪ್ಪೆಲಿನ್‌ನ ಮೊದಲ ಆಲ್ಬಂಗಿಂತ ಮುಂಚೆ ಬಂದ ಹಾರ್ಡ್ ರಾಕ್ ಅದು. 'ಯು ಶುಕ್ ಮಿ' ಎರಡರಲ್ಲೂ ಇದೆ. ಒಂದರ ಹಿಂದೆ ಒಂದು ಹಾಕಿ ಕೇಳಿ, ಮಜಾ ಇರುತ್ತೆ. 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ನುಡಿಸಬೇಕಿದ್ದ ತಂಡ ಅದಕ್ಕೆ ಮುಂಚೆಯೇ ಒಡೆದುಹೋಯಿತು. ಅದೇ ವರ್ಷದ ಕೊನೆಗೆ ಕಾರು ಅಪಘಾತ, ತಲೆಗೆ ಪೆಟ್ಟು. ಎರಡನೇ ಜೆಫ್ ಬೆಕ್ ಗ್ರೂಪ್, ಆಮೇಲೆ ಬೋಗರ್ಟ್ ಮತ್ತು ಅಪೀಸ್ ಜೊತೆಗಿನ ಮೂವರ ತಂಡ, ಎರಡರಲ್ಲೂ ಒಳ್ಳೆ ಕ್ಷಣಗಳಿವೆ. ಒಳ್ಳೆ ಆಲ್ಬಂ ಇಲ್ಲ.

ಈಗ ಚಿಕ್ಕಪ್ಪನ ಸರದಿ. ಇಲ್ಲಿ ನಾನೂ ಸ್ವಲ್ಪ ಮೆತ್ತಗಾಗುತ್ತೇನೆ, ಯಾಕಂದ್ರೆ ನಾನು ಮೊದಲು ಬೆಕ್ಕನ್ನು ಕಂಡಿದ್ದೂ ಇದೇ ಮನೆಯಲ್ಲಿ.

ಗಿಟಾರ್ ಕಲಿತದ್ದು ನಾನು ಕೆಜಿಎಫ್‌ನಲ್ಲಿ. ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಹೇಳಿಕೊಡುತ್ತಿದ್ದರು. ನಾವು ಅಂಕಲ್ ಅಂತಿದ್ವಿ. ಕ್ರಿಸ್‌ಮಸ್ ಡ್ಯಾನ್ಸಿಗೆ ನುಡಿಸಿ ಬೆಳೆದ ಕೈ ಅವರದ್ದು. ಅವರ ಹತ್ತಿರ 90 ನಿಮಿಷದ ಒಂದು ಕ್ಯಾಸೆಟ್ ಇತ್ತು. ಒಂದು ಕಡೆ 'ಬ್ಲೋ ಬೈ ಬ್ಲೋ', ಇನ್ನೊಂದು ಕಡೆ 'ವೈರ್ಡ್'. ಒಂದು ಕಡೆಗೆ 45 ನಿಮಿಷ, 'ಬ್ಲೋ ಬೈ ಬ್ಲೋ' 44 ನಿಮಿಷ ಮೀರುತ್ತೆ. ರೆಕಾರ್ಡ್ ಮಾಡಿದವರು ಬಟನ್ ಒತ್ತೋದು ಸ್ವಲ್ಪ ಮುಂಚೆಯೇ ಆಗಿರಬೇಕು. ಕೊನೆಯ ಹಾಡು 'ಡೈಮಂಡ್ ಡಸ್ಟ್', ವಯಲಿನ್‌ಗಳು ತೇಲಿಕೊಂಡು ಹೋಗುತ್ತಿರುವಾಗಲೇ ಟಕ್ ಅಂತ ನಿಂತುಬಿಡುತ್ತಿತ್ತು. ಆ ಹಾಡು ಮುಗಿಯೋದೇ ಹಾಗೆ ಅಂತ ನಾನು ಹತ್ತು ವರ್ಷ ನಂಬಿದ್ದೆ. ಸಿಡಿ ತಂದು ಕೇಳಿದಾಗ ಅದು ಮೆಲ್ಲಗೆ ಕರಗಿ ಹೋಗುತ್ತೆ ಅಂತ ಗೊತ್ತಾಯ್ತು. ನಿಜ ಹೇಳ್ತೀನಿ, ನನಗೆ ಇವತ್ತಿಗೂ ಆ ಟಕ್ ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತೆ.

1975ರ 'ಬ್ಲೋ ಬೈ ಬ್ಲೋ' ಆಗಿನ ಮಟ್ಟಿಗೆ ಹುಚ್ಚು ಸಾಹಸ. ಹಾಡುಗಾರನೇ ಇಲ್ಲದ ರಾಕ್ ಗಿಟಾರ್ ಆಲ್ಬಂ. ಆದರೂ ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್, ಬೀಟಲ್ಸ್ ಆಲ್ಬಂಗಳನ್ನು ಮಾಡಿದ ಅದೇ ಮನುಷ್ಯ. ಬೆಕ್‌ಗೆ ಆ ಕಡೆ ಕಣ್ಣು ಹೋಗಿದ್ದು ಡ್ರಮ್ಮರ್ ಬಿಲ್ಲಿ ಕಾಬ್‌ಹ್ಯಾಮ್ ಅವರ 1973ರ 'ಸ್ಪೆಕ್ಟ್ರಮ್' ಕೇಳಿದ ಮೇಲೆ. ಕಾಬ್‌ಹ್ಯಾಮ್ ಆಗ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿದ್ದವರು. ಅದರ ಕೀಬೋರ್ಡ್ ವಾದಕ ಯಾನ್ ಹ್ಯಾಮರ್ 1976ರ 'ವೈರ್ಡ್'ನಲ್ಲಿ ಬೆಕ್ ಜೊತೆಗೇ ಕೂತ. ಇಬ್ಬರ ಸವಾಲ್ ಜವಾಬ್ ಕೇಳಿದರೆ ನಮ್ಮ ತನಿ ಆವರ್ತನ ನೆನಪಾಗುತ್ತೆ. ರಚನೆ, ತಾಳ, ಜೊತೆಗಾರರು ಅಂತ ನೋಡಿದರೆ ಚಿಕ್ಕಪ್ಪ ಹೇಳೋದು ಸರಿ. ಇಷ್ಟು ಗಟ್ಟಿಯಾಗಿ ಹೊಲಿದ ಆಲ್ಬಂ ಬೆಕ್ ಮತ್ತೆ ಮಾಡಲಿಲ್ಲ.

'ಬ್ಲೋ ಬೈ ಬ್ಲೋ'ನಲ್ಲಿ 'ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್' ಅಂತ ಒಂದಿದೆ. ಸ್ಟೀವಿ ವಂಡರ್ ಬರೆದದ್ದು, ಬೆಕ್ ಅದನ್ನು ಗಿಟಾರ್ ವಾದಕ ರಾಯ್ ಬುಕಾನನ್‌ಗೆ ಅರ್ಪಿಸಿದ್ದಾನೆ. ಶುರುವಿನ ಸ್ವರಗಳನ್ನು ಗಮನಿಸಿ. ತಂತಿ ಮೀಟಿದ ಸದ್ದೇ ಕೇಳಲ್ಲ. ವಾಲ್ಯೂಮ್ ಸೊನ್ನೆಗೆ ಇಟ್ಟು ಮೀಟಿ, ಆಮೇಲೆ ಗುಬುಟು ತಿರುಗಿಸಿ ಸ್ವರವನ್ನು ಒಳಗಿಂದ ಎತ್ತುತ್ತಾನೆ. ಅಳು ಬರುವ ಮುಂಚೆ ಗಂಟಲು ಕಟ್ಟುತ್ತಲ್ಲ, ಹಾಗೆ. ಮರಿ ಕಣ್ಣು ಬಿಟ್ಟಿದ್ದು ಇಲ್ಲಿ.

ಚಿಕ್ಕಪ್ಪನಿಗೆ ಇದನ್ನೇ ಕೇಳಿ. ಆ ಹಾಡಿನಲ್ಲಿ ನಿಮಗೆ ಇಷ್ಟವಾಗೋದು ಏನು, ಫ್ಯೂಷನ್ನಾ, ಆ ಗಂಟಲಾ? ಗಂಟಲು ಅಂದರೆ ಅವರು ಅರ್ಧ ನಿಮ್ಮ ಕಡೆ ಬಂದ ಹಾಗೆ.

ಮುಂದಿನ ಕಥೆ ಆಲ್ಬಂ ಕವರ್‌ಗಳಲ್ಲಿ ಇಲ್ಲ, ಗಿಟಾರಿನ ಮರದಲ್ಲಿದೆ. 'ಬ್ಲೋ ಬೈ ಬ್ಲೋ' ಕವರ್‌ನಲ್ಲಿ ಕಾಣೋದು ಕಡುಗಂದು ಬಣ್ಣದ ಲೆಸ್ ಪಾಲ್. 2025ರ ಜನವರಿಯಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 10 ಲಕ್ಷ ಪೌಂಡ್‌ಗಿಂತ ಜಾಸ್ತಿಗೆ ಹೋಯಿತು. ದುಬಾರಿ ಗಿಟಾರ್, ಸರಿ. ಆದರೆ ಅದರಲ್ಲಿ ಟ್ರೆಮೊಲೊ ಕಡ್ಡಿ ಇಲ್ಲ. ವಾಲ್ಯೂಮ್ ಗುಬುಟೂ ತಂತಿಯಿಂದ ದೂರ. ಬೆಕ್ ಬರಬರುತ್ತಾ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ಗೆ ಅಂಟಿಕೊಂಡ. ಸ್ಟ್ರಾಟ್‌ನಲ್ಲಿ ಗುಬುಟು ತಂತಿಗೆ ತಾಗಿಕೊಂಡ ಹಾಗೇ ಇರುತ್ತೆ, ಕಡ್ಡಿ ಅಂಗೈ ಕೆಳಗೇ ಬರುತ್ತೆ. ಎಷ್ಟೋ ಜನ ಆ ಗುಬುಟು ಕೈಗೆ ಅಡ್ಡ ಬರುತ್ತೆ ಅಂತ ಬೈತಾರೆ. ಇವನಿಗೆ ಅದೇ ವರ ಆಯ್ತು. ಎಂಬತ್ತರ ದಶಕದಲ್ಲಿ ತಂತಿ ಮೀಟುವ ಪಿಕ್ ಕೂಡ ಬಿಸಾಕಿದ.

ಈಗ ನಿಮ್ಮ ರಾನಿ ಸ್ಕಾಟ್ಸ್ ವಿಡಿಯೊ ಹಾಕಿ, ಮುಖ ನೋಡಬೇಡಿ, ಎಡಗೈ ನೋಡಬೇಡಿ. ಬಲಗೈ ಮಾತ್ರ ನೋಡಿ. ಹೆಬ್ಬೆರಳು ಮೀಟುತ್ತೆ. ಕಿರುಬೆರಳು ವಾಲ್ಯೂಮ್ ಗುಬುಟಿಗೆ ಸುತ್ತಿಕೊಂಡಿರುತ್ತೆ. ಉಳಿದ ಬೆರಳುಗಳ ನಡುವೆ ಕಡ್ಡಿ. ಒಂದೇ ಸ್ವರಕ್ಕೆ ಈ ಮೂರೂ ಕೆಲಸ ಒಟ್ಟಿಗೆ. ಮೀಟಿದ ಪೆಟ್ಟು ಎಷ್ಟು, ದನಿ ಯಾವಾಗ ಏಳಬೇಕು, ಶ್ರುತಿ ಎಲ್ಲಿಂದ ಎಲ್ಲಿಗೆ ಜಾರಬೇಕು. ಎಡಗೈ ಪಾಪ ಒಂದು ಕಡೆ ತಂತಿ ಒತ್ತಿಕೊಂಡು ಕೂತಿರುತ್ತೆ, ಎಷ್ಟೋ ಸಲ.

ನಮ್ಮವರಿಗೆ ಇದು ಬೇಗ ಅರ್ಥ ಆಗಬೇಕು. ವೀಣೆಯಲ್ಲಿ ಗಮಕದ ಕೆಲಸ ಎಡಗೈಯದ್ದು. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೇಲೇರುತ್ತೆ, ಬಿಟ್ಟರೆ ಇಳಿಯುತ್ತೆ. ಗಿಟಾರಿನಲ್ಲೂ ಅಷ್ಟೇ. ಒತ್ತಿದ ಸ್ವರದಿಂದ ಎಳೆದು ಮೇಲಕ್ಕೆ ಮಾತ್ರ ಹೋಗಬಹುದು. ಆದರೆ ಹಾಡುವವರ ಗಂಟಲು ಸ್ವರದ ಆ ಕಡೆಗೂ ಈ ಕಡೆಗೂ ಆಡುತ್ತೆ. ಬೆಕ್ ತನ್ನ ಗಿಟಾರಿನ ಮೈಮೇಲೆ ತಂತಿ ಹಿಡಿದಿಡುವ ಬ್ರಿಡ್ಜನ್ನು ಮರಕ್ಕೆ ಅಂಟದ ಹಾಗೆ ಸ್ವಲ್ಪ ಎತ್ತಿ ತೇಲಿಸಿದ್ದ. ಕಡ್ಡಿ ಒತ್ತಿದರೆ ಇಳಿಯುತ್ತೆ, ಎತ್ತಿದರೆ ಏರುತ್ತೆ. ಅಂದರೆ ಎಡಗೈಯ ಗಮಕವನ್ನು ಬಲಗೈಗೆ ದಾಟಿಸಿದ. ರಾಕ್‌ನಲ್ಲಿ ಈ ಕಡ್ಡಿಯನ್ನು ವಿಮಾನ ಬೀಳೋ ಸದ್ದು ಮಾಡೋಕೆ ಬಳಸಿದವರು ಬೇಕಾದಷ್ಟು ಜನ. ಅದರಲ್ಲಿ ಕಾಲು ಸ್ವರ, ಅರ್ಧ ಸ್ವರ ಅಳೆದು ರಾಗ ಹಾಡಿದವರು ಕಮ್ಮಿ.

ಇದು ಮೊದಲು ಪೂರ್ತಿಯಾಗಿ ಕಾಣೋದು 1989ರ 'ಗಿಟಾರ್ ಶಾಪ್' ಆಲ್ಬಂನ 'ವೇರ್ ವರ್ ಯು'ನಲ್ಲಿ. ಬಲ್ಗೇರಿಯದ ಹೆಂಗಸರ ಮೇಳಗಾನ ಕೇಳಿ ಹುಟ್ಟಿದ್ದು ಅದು. ತಂತಿಯನ್ನು ಸುಮ್ಮನೆ ಮುಟ್ಟಿದಾಗ ಬರುತ್ತಲ್ಲ ಹಾರ್ಮೋನಿಕ್, ಗಂಟೆಯಂಥ ದನಿ, ಅದನ್ನು ಎಬ್ಬಿಸಿ, ಕಡ್ಡಿಯಿಂದಲೇ ಉಳಿದ ಸ್ವರಗಳಿಗೆ ಕರೆದುಕೊಂಡು ಹೋಗುತ್ತಾನೆ. ಮೂರು ನಿಮಿಷ ಚಿಲ್ಲರೆ. ನಾನು ಹದಿನೈದು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ. ಮೊದಲ ನಾಲ್ಕು ಸಾಲು ಬರುತ್ತೆ, ಅದೂ ಮನೆಯಲ್ಲಿ ಯಾರೂ ಇಲ್ಲದಾಗ.

ಆಮೇಲೆ 'ನಾದಿಯಾ'. 2001ರ 'ಯು ಹ್ಯಾಡ್ ಇಟ್ ಕಮಿಂಗ್' ಆಲ್ಬಂನದ್ದು. ಮೂಲ ನಿತಿನ್ ಸಾಹ್ನಿಯವರ 1999ರ 'ಬಿಯಾಂಡ್ ಸ್ಕಿನ್'ನಲ್ಲಿದೆ, ಹಾಡಿದವರು ಸ್ವಾತಿ ನಾಟೇಕರ್. ಕೆಳಗೆ ತಾಳ ಓಡ್ತಿರುತ್ತೆ, ಮೇಲೆ ದನಿ ಯಾವ ಅವಸರವೂ ಇಲ್ಲದೆ ನಡೆಯುತ್ತೆ. ಬೆಕ್ ಆ ದನಿಯ ಜಾಗಕ್ಕೆ ಗಿಟಾರ್ ಇಟ್ಟ. ಮೂಲ ಹಾಡನ್ನೂ ಇದನ್ನೂ ಸಾಲುಸಾಲಾಗಿ ಪಕ್ಕದಲ್ಲಿಟ್ಟು ಕೇಳಿ. ಸ್ವಾತಿಯವರು ಒಂದು ಸ್ವರಕ್ಕೆ ಕೆಳಗಿಂದ ಬಂದು ಕೂರುವ ಜಾಗದಲ್ಲಿ ಇವನೂ ಕೆಳಗಿಂದಲೇ ಬರುತ್ತಾನೆ. ಅವರು ಮುರ್ಕಿ ಹಾಕಿದ ಕಡೆ ಇವನ ಕಡ್ಡಿ ನಡುಗುತ್ತೆ. 1965ರಲ್ಲಿ ಸಿತಾರಿನ ಬಣ್ಣ ಕದ್ದ ಹುಡುಗ 56ನೇ ವಯಸ್ಸಿನಲ್ಲಿ ನಡಿಗೆ ಕಲಿತಿದ್ದ.

ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು ಅದೇ ವರ್ಷ, ಫೆಬ್ರವರಿ 28ಕ್ಕೆ. ಸೈರನ್ ನಿಂತ ಊರಲ್ಲಿ ಕೂತು ನಾನು ಈ ಹಾಡು ಕೇಳಿದೆ. ಅಂಕಲ್ ಒಂದು ಸಲ ಕೇಳಿ, 'ಇವನು ಗಿಟಾರ್ ನುಡಿಸೋದು ಯಾವಾಗ ಬಿಟ್ಟ?' ಅಂದರು. ಹೊಗಳಿದರೋ ಬೈದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರು ಕೊನೆವರೆಗೂ ನಿಮ್ಮ ಚಿಕ್ಕಪ್ಪನ ಪಾರ್ಟಿ.

ಕೈವಾರದ ಕಡೆಯಿಂದ ಬರುವ ಒಬ್ಬ ಶಿಷ್ಯನಿದ್ದಾನೆ. ಅವನ ತಾತ ನಾಗಸ್ವರ ನುಡಿಸುವವರು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋಗಿದ್ದಾಗ ಅವರಿಗೆ ಫೋನಿನಲ್ಲಿ 'ನಾದಿಯಾ' ಕೇಳಿಸಿದೆ. ಪೂರ್ತಿ ಕೇಳಿದರು. 'ಬಾಯಲ್ಲಿ ಹಾಡಿಕೊಂಡು ಕಲಿತವನು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಮೇಲಿನ ಷಡ್ಜದಲ್ಲಿ ಇನ್ನೊಂಚೂರು ನಿಲ್ಲಬೇಕಿತ್ತು, ಓಡಿಬಿಟ್ಟ' ಅಂತ ಸೇರಿಸಿದರು. ಮನೆಗೆ ಬಂದು ಮತ್ತೆ ಹಾಕಿ ಕೇಳಿದೆ. ನಿಜ, ಓಡಿಬಿಟ್ಟಿದ್ದಾನೆ.

ನನ್ನ ಓಟು ಬಿದ್ದ ಕಾಲದಲ್ಲೂ ಹುಳುಕಿದೆ, ಮುಚ್ಚಿಡಲ್ಲ. 1999ರ 'ಹೂ ಎಲ್ಸ್'ನಿಂದ ಮೂರು ಆಲ್ಬಂಗಳ ಕಂಪ್ಯೂಟರ್ ಡ್ರಮ್ಸ್ ಈಗ ಹಳಸಿದ ಅನ್ನದ ಹಾಗೆ. ಸ್ವಂತ ರಚನೆಗಿಂತ ಬೇರೆಯವರ ಹಾಡೇ ಜಾಸ್ತಿ ಚೆನ್ನಾಗಿದೆ. ಅದು ತಪ್ಪಲ್ಲ ಬಿಡಿ, ನಮ್ಮ ಸಂಗೀತಗಾರರು ಮುನ್ನೂರು ವರ್ಷದಿಂದ ಇನ್ನೊಬ್ಬರ ಕೃತಿ ಹಾಡಿಕೊಂಡೇ ದೊಡ್ಡವರಾಗಿಲ್ವಾ? 2010ರ 'ಎಮೋಶನ್ ಆ್ಯಂಡ್ ಕಮೋಶನ್'ನಲ್ಲಿ ಇಟಲಿಯ ಆಪೆರಾ ಹಾಡು 'ನೆಸ್ಸುನ್ ದೋರ್ಮಾ' ನುಡಿಸಿ ಗ್ರ್ಯಾಮಿ ತಗೊಂಡ. ಅದು ಚೆನ್ನಾಗಿದೆ, ಆದರೆ ಆರ್ಕೆಸ್ಟ್ರಾ ಸ್ವಲ್ಪ ಜಾಸ್ತಿ ತುಪ್ಪ ಸುರಿದಿದೆ. 2022ರಲ್ಲಿ ನಟ ಜಾನಿ ಡೆಪ್ ಜೊತೆ ಮಾಡಿದ '18' ಕೇಳದಿದ್ದರೂ ನಷ್ಟವಿಲ್ಲ. ಮರುವರ್ಷ ಜನವರಿ 10ಕ್ಕೆ, 78ನೇ ವಯಸ್ಸಿನಲ್ಲಿ, ಮೆದುಳುಪೊರೆಯ ಸೋಂಕಿನಿಂದ ಬೆಕ್ ಹೋಗಿಬಿಟ್ಟ.

ಜಗಳ ಬಗೆಹರಿಸಲೇಬೇಕು ಅಂದರೆ ಮೂವರೂ ಒಂದು ಭಾನುವಾರ ಕೂತು ರಾನಿ ಸ್ಕಾಟ್ಸ್ ರೆಕಾರ್ಡಿಂಗ್ ಪೂರ್ತಿ ಕೇಳಿ. ಶುರುವಾಗೋದೇ 'ಬೆಕ್ಸ್ ಬೊಲೆರೊ'ದಿಂದ. ಅದು ಯಾರ್ಡ್‌ಬರ್ಡ್ಸ್‌ನಲ್ಲಿದ್ದಾಗಲೇ, 1966ರಲ್ಲಿ, ಜಿಮ್ಮಿ ಪೇಜ್ ಜೊತೆ ರೆಕಾರ್ಡ್ ಮಾಡಿದ್ದು. ಗೆಳೆಯ ಖುಷಿಯಾಗುತ್ತಾನೆ. ಬೆನ್ನಿಗೇ ಮಹಾವಿಷ್ಣು ಆರ್ಕೆಸ್ಟ್ರಾದ ಒಂದು ತುಣುಕು, ಕಾಬ್‌ಹ್ಯಾಮ್‌ನ 'ಸ್ಟ್ರೇಟಸ್', ಆಮೇಲೆ ಆ ಸ್ಟೀವಿ ವಂಡರ್ ಹಾಡು. ಚಿಕ್ಕಪ್ಪ ಸೋಫಾದಲ್ಲಿ ನೆಟ್ಟಗೆ ಕೂರುತ್ತಾರೆ. 'ನಾದಿಯಾ'ನೂ ಇದೆ, ಕೊನೆಗೆ 'ವೇರ್ ವರ್ ಯು'. ನುಡಿಸುವಾಗ ಅವನಿಗೆ 63. ಬಾಸ್ ಹಿಡಿದ ಟಾಲ್ ವಿಲ್ಕನ್‌ಫೆಲ್ಡ್‌ಗೆ ಇನ್ನೂ 21 ತುಂಬಿರಲಿಲ್ಲ. ಆ ಸ್ಟೀವಿ ವಂಡರ್ ಹಾಡಿನಲ್ಲಿ ಅವಳ ಸೋಲೋ ಮುಗಿಯುವಾಗ ಬೆಕ್ ಮುಖ ನೋಡಿ. ಈ ಒಂದು ಸಲ ಮುಖ ನೋಡಬಹುದು.

1975ರ ಅದೇ ಹಾಡನ್ನೂ ಈ 2007ರದ್ದನ್ನೂ ಚಿಕ್ಕಪ್ಪನಿಗೆ ಕಣ್ಣು ಮುಚ್ಚಿಸಿ ಕೇಳಿಸಿ. ಮೊದಲನೆಯದರಲ್ಲಿ ಗಿಟಾರ್ ಅಳುತ್ತೆ. ಎರಡನೆಯದರಲ್ಲಿ ಯಾರೋ ಅಳು ತಡೆದುಕೊಂಡು ಮಾತಾಡ್ತಿದ್ದಾರೆ ಅನ್ನಿಸುತ್ತೆ. ಅವರು ಒಪ್ಪದಿದ್ದರೆ ಬಲವಂತ ಬೇಡ. ಕ್ಯಾಸೆಟ್ ಕಾಲದವರು ಸುಲಭಕ್ಕೆ ಒಪ್ಪಲ್ಲ.

ಇನ್ನು ಟ್ರೆಮೊಲೊ ಗಿಟಾರ್ ವಿಷಯ. ಬಂಗಾರಪೇಟೆಯ ಒಂದು ಗಣಪತಿ ಪೆಂಡಾಲಿನಲ್ಲಿ ನಾನು ಬೆಕ್ ಆಗೋಕೆ ಹೋಗಿ ಕಡ್ಡಿ ಒತ್ತಿದೆ. ಆರು ತಂತಿಯೂ ಶ್ರುತಿ ಬಿಟ್ಟವು. ಮುಂದಿನ ಹಾಡು ಭಕ್ತಿಗೀತೆ. ಹಾಡುವ ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಅಗ್ಗದ ಟ್ರೆಮೊಲೊ ಹೀಗೇ ಕೈ ಕೊಡುತ್ತೆ. ಒತ್ತಿದಾಗ ತಂತಿ ಸಡಿಲವಾಗಿ ನಟ್ ಮೇಲೆ, ಅಂದರೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಗೆರೆಗಳ ಪಟ್ಟಿ ಮೇಲೆ, ಜಾರುತ್ತೆ, ಬಿಟ್ಟಾಗ ವಾಪಸ್ ಅದೇ ಜಾಗಕ್ಕೆ ಬರದೆ ಸಿಕ್ಕಿಕೊಳ್ಳುತ್ತೆ. ಬೆಕ್ ಗಿಟಾರಿನಲ್ಲಿ ಅದಕ್ಕೇ ಉರುಳೆ ಇರುವ ನಟ್ ಹಾಕಿಸಿಕೊಂಡಿದ್ದ.

ಸ್ಟ್ರಾಟ್ ಮಾದರಿಯದ್ದನ್ನೇ ತಗೊಳ್ಳಿ, ಪರವಾಗಿಲ್ಲ. ಮೊದಲ ಒಂದು ವರ್ಷ ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಪಕ್ಕದ ಸಂದಿಯಲ್ಲಿ ಒಂದು ಮರದ ತುಂಡು ಸಿಕ್ಕಿಸಿ, ಬ್ರಿಡ್ಜ್ ಅಲುಗಾಡಬಾರದು. ಬಡಗಿಗೆ ಅಳತೆ ಕೊಟ್ಟರೆ ಐದು ನಿಮಿಷದ ಕೆಲಸ. ಆ ವರ್ಷ ಪಿಕ್ ಬದಿಗಿಟ್ಟು ಹೆಬ್ಬೆರಳು, ಕಿರುಬೆರಳು ಪಳಗಿಸಿ. ಯಾವುದಾದರೂ ಗೊತ್ತಿರುವ ಹಾಡಿನ ಒಂದು ಸಾಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ಉಸಿರು ತಗೊಂಡ ಕಡೆ ವಾಲ್ಯೂಮ್ ಇಳಿಸಿ. ಮರದ ತುಂಡು ತೆಗೆಯೋ ದಿನ ಹೊಸ ತಂತಿ ಹಾಕಿ, ಹಾಕುವ ಮುಂಚೆ ನಟ್‌ನ ಆರೂ ಗೆರೆಯಲ್ಲಿ ಪೆನ್ಸಿಲ್ ಚೆನ್ನಾಗಿ ಉಜ್ಜಿ. ಮೆತ್ತಗಿನ ಸೀಸ ಬೇಕು, 2ಬಿ ಸಾಕು.